ನಾಲ್ಕನೆಯವನು

ಸ್ವಂತ ಬುದ್ಧಿಯಿಂದ ಬದುಕುವುದು ಹೇಗೆ ಎಂದು ಹೇಳಿಕೊಡುವ ಒಂದು ದಿನದ ಕಾರ್ಯಾಗಾರಕ್ಕೆ ಮೊನ್ನೆ ಹೋಗಿದ್ದೆ. ಯಾಕೆ ಹೋದೆ ಎಂದು ಕೇಳಬೇಡಿ. ಆಫೀಸಿನಲ್ಲಿ ಎಲ್ಲರೂ ಹೆಸರು ಕೊಟ್ಟಿದ್ದರು.

ಬಾಗಿಲಲ್ಲೇ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಂಚಿದರು. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ‘ನಾನು ನಾನೇ’ ಎಂದಿತ್ತು. ಮುನ್ನೂರು ‘ನಾನು ನಾನೇ’ಗಳು ಸಾಲಾಗಿ ನಿಂತು, ಸಾಲಾಗಿ ಸಹಿ ಹಾಕಿ, ಸಾಲಾಗಿ ಒಳಗೆ ಹೋದೆವು. ನನ್ನ ಪಾಲಿಗೆ ಬಂದ ಶರ್ಟು ಒಂದು ಸೈಜು ಚಿಕ್ಕದು. ಬದಲಾಯಿಸಿ ಕೊಡಪ್ಪಾ ಎಂದರೆ, ಹಂಚುತ್ತಿದ್ದ ಹುಡುಗ “ಎಲ್ಲರಿಗೂ ಇದೇ ಸೈಜು ಸರ್, ಯಾರೂ ಏನೂ ಹೇಳ್ಲಿಲ್ಲ” ಎಂದ. ಯಾರೂ ಏನೂ ಹೇಳಲಿಲ್ಲ ಎಂದ ಮೇಲೆ ನಾನೊಬ್ಬ ಹೇಳುವುದು ಹೇಗೆ? ಹೊಟ್ಟೆ ಒಳಗೆಳೆದುಕೊಂಡು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅತ್ತಿತ್ತ ಕಣ್ಣಾಡಿಸಿದರೆ, ಅರ್ಧ ಸಭಾಂಗಣ ಉಸಿರು ಬಿಗಿಹಿಡಿದು ಕೂತಿತ್ತು.

ಈ ಕಾರ್ಯಾಗಾರ ನಮ್ಮ ಆಫೀಸಿಗೆ ವರ್ಷಕ್ಕೊಮ್ಮೆ ಬರುವ ಜ್ವರ. ಯಾರು ಶುರು ಮಾಡಿದ್ದು ಎಂದು ವಿಚಾರಿಸಿದೆ. ಹಿಂದೆ ಒಬ್ಬ ಮ್ಯಾನೇಜರ್ ಇದ್ದರಂತೆ, ಅವರಿಗೆ ಇಂಥದ್ದರ ಹುಚ್ಚಿತ್ತಂತೆ. ಅವರು ನಿವೃತ್ತರಾದರು. ಅವರನ್ನು ಕಂಡವರೂ ನಿವೃತ್ತರಾದರು. ಈಗಿರುವವರಿಗೆ ಗೊತ್ತಿರುವುದು ಇಷ್ಟೇ: ಪ್ರತಿವರ್ಷ ಹೋಗುತ್ತಾರೆ, ಆದ್ದರಿಂದ ಹೋಗಬೇಕು.

ಇದಕ್ಕೂ ಒಂದು ಪ್ರಯೋಗ ನಡೆದುಹೋಗಿದೆ. ಮನಶ್ಶಾಸ್ತ್ರಜ್ಞ ಮುಝಫರ್ ಶೆರೀಫ್ 1935ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಒಂದು ಬೆಳಕಿನ ಚುಕ್ಕಿ ತೋರಿಸಿ, ಅದು ಎಷ್ಟು ದೂರ ಸರಿಯಿತು ಹೇಳಿ ಎಂದಿದ್ದರು. ಚುಕ್ಕಿ ನಿಂತಲ್ಲೇ ಇತ್ತು. ಗಾಢ ಕತ್ತಲಲ್ಲಿ ಅದು ಅಲುಗಾಡಿದಂತೆ ಕಾಣುವುದು ಬರೀ ಕಣ್ಣಿನ ಭ್ರಮೆ. ಒಬ್ಬೊಬ್ಬರೇ ಇದ್ದಾಗ ತಲೆಗೊಂದು ಅಳತೆ ಹೇಳಿದವರು, ಒಟ್ಟಿಗೆ ಕೂತ ಮೇಲೆ ಹೆಚ್ಚುಕಮ್ಮಿ ಒಂದೇ ಅಳತೆಗೆ ಬಂದು ನಿಂತರು. 1961ರಲ್ಲಿ ಜೇಕಬ್ಸ್ ಮತ್ತು ಕ್ಯಾಂಪ್‌ಬೆಲ್ ಎಂಬಿಬ್ಬರು ಇದನ್ನೇ ಇನ್ನಷ್ಟು ಎಳೆದರು. ಬೇಕೆಂದೇ ಭಾರಿ ಅಳತೆ ಹೇಳುವ ತಮ್ಮ ಕಡೆಯವರನ್ನು ಗುಂಪಿನಲ್ಲಿ ಕೂರಿಸಿದರು. ಆಮೇಲೆ ಅವರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸಿ, ಏನೂ ಅರಿಯದ ಹೊಸಬರನ್ನು ಒಳಗೆ ಬಿಡುತ್ತ ಹೋದರು. ಸುಳ್ಳು ಹೇಳಿದವರೆಲ್ಲ ಮನೆ ಸೇರಿದ ಮೇಲೂ ಅವರ ಸುಳ್ಳು ಹಲವು ಸುತ್ತು ಬದುಕಿತ್ತು, ಸುತ್ತು ಸುತ್ತಿಗೂ ಸವೆಯುತ್ತ. ಪ್ರಯೋಗಾಲಯದ ಸುಳ್ಳಿಗೆ ಕೊನೆಗಾದರೂ ಸಾವು ಬಂತು. ನಮ್ಮ ಮ್ಯಾನೇಜರರ ಹುಚ್ಚಿಗೆ ಬಜೆಟ್ಟಿನಲ್ಲಿ ಒಂದು ಖಾಯಂ ಸಾಲು ಇದೆ.

ವೇದಿಕೆಗೆ ಬಂದ ತರಬೇತುದಾರರು ಟೀ ಶರ್ಟ್ ಹಾಕಿರಲಿಲ್ಲ. ಸ್ವಂತಿಕೆ ಹಂಚುವವರು ಅದನ್ನು ತಾವೂ ತೊಡಬೇಕೆಂಬ ನಿಯಮವಿಲ್ಲ. ಮೈಕು ತಟ್ಟಿ, “ನಾನು ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಇದು ಮುಖ್ಯ, ಎಲ್ಲರೂ ಬರೆದುಕೊಳ್ಳಿ” ಎಂದರು. ಮುನ್ನೂರು ಪೆನ್ನುಗಳು ಒಟ್ಟಿಗೆ ಅಲುಗಿದವು. ನಾನೂ ಬರೆದುಕೊಂಡೆ, ಕೆಳಗೊಂದು ಗೆರೆಯನ್ನೂ ಎಳೆದೆ.

ಮೊದಲ ಸ್ಲೈಡಿನಲ್ಲೇ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಬಂದರು. ಬರಲೇಬೇಕು, ಅವರಿಲ್ಲದೆ ಇಂಥ ಕಾರ್ಯಾಗಾರಗಳು ಕಳೆಗಟ್ಟುವುದಿಲ್ಲ. 1950ರ ದಶಕದ ಪ್ರಯೋಗ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಮೊದಲಿನದರಷ್ಟೇ ಉದ್ದ ಎಂದು ಹೇಳಿದರಾಯಿತು. ಒಬ್ಬನೇ ಕೂತು ಹೇಳಿದರೆ ನೂರಕ್ಕೆ ಒಂದು ತಪ್ಪೂ ಆಗದಷ್ಟು ಸುಲಭ. ಆದರೆ ಕೋಣೆಯಲ್ಲಿರುವ ಉಳಿದವರೆಲ್ಲ ಆಶ್ ಕಡೆಯವರು. ಮೊದಲೇ ಮಾತಾಡಿಕೊಂಡಂತೆ, ಒಬ್ಬರಾದ ಮೇಲೊಬ್ಬರು, ಕಣ್ಣೆದುರಿಗಿರುವ ಸರಿಯಾದ ಗೆರೆ ಬಿಟ್ಟು ಬೇರೊಂದನ್ನು ತೋರಿಸುತ್ತಾರೆ. ಸರದಿ ಬರುವಷ್ಟರಲ್ಲಿ ಅಸಲಿ ಅಭ್ಯರ್ಥಿಗೆ, ಪಾಪ, ತನ್ನ ಕಣ್ಣಿನ ಮೇಲೇ ಅನುಮಾನ. ಹೀಗೆ ಕೂರಿಸಿದ್ದು 123 ಜನರನ್ನು. ಗುಂಪು ತಪ್ಪು ಹೇಳಿದ ಸುತ್ತುಗಳಲ್ಲಿ ಇವರು ಕೊಟ್ಟ ಉತ್ತರಗಳ ಪೈಕಿ ಶೇ 36.8ರಷ್ಟು ಆ ತಪ್ಪನ್ನೇ ಒಪ್ಪಿಕೊಂಡವು. ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ಹೇಳಿದರು.

ಸಭಾಂಗಣ ಗೊಳ್ಳೆಂದು ನಕ್ಕಿತು. ಎಂಥ ಪೆದ್ದರಪ್ಪಾ!

“ಆ ಕುರ್ಚಿಯಲ್ಲಿ ನೀವಿದ್ದಿದ್ದರೆ ಕಂಡದ್ದನ್ನೇ ಹೇಳುತ್ತಿದ್ದಿರಾ? ಹೇಳುವವರು ಕೈ ಎತ್ತಿ” ಎಂದರು ತರಬೇತುದಾರರು. ಒಂದು ಕ್ಷಣ ಯಾರೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿ ಎರಡು ಕೈ ಮೇಲೆದ್ದವು. ಅವುಗಳ ಹಿಂದೆ ಐದಾರು. ಅಲ್ಲಿಂದ ಮುಂದೆ ಕಾಡಿಗೆ ಬೆಂಕಿ ಹತ್ತಿದ ಹಾಗೆ ಹಬ್ಬಿತು. ನಾನು ಹಿಂದೆ ಮುಂದೆ ನೋಡಿ, ಸಾಕಷ್ಟು ಕೈಗಳಿವೆ ಎಂದು ಖಾತ್ರಿ ಮಾಡಿಕೊಂಡು, ಬೇರೆಯವರನ್ನು ನೋಡಿ ನಡೆಯುವವನು ನಾನಲ್ಲ ಎಂದು ಕೈ ಎತ್ತಿದೆ.

ಎಮಿಲಿ ಪ್ರೊನಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೈಗಳ ಬಗ್ಗೆಯೇ ಇದೆ. ಊರವರೆಲ್ಲ ಕುರಿಗಳು, ನಾನೊಬ್ಬ ಮಾತ್ರ ಅಲ್ಲ ಎಂದು ಪ್ರತಿಯೊಬ್ಬರೂ ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ಅವರು ಕಂಡುಕೊಂಡದ್ದು ಸರಳ. ಬೇರೆಯವರನ್ನು ತೂಗುವಾಗ ಅವರು ಮಾಡಿದ್ದನ್ನು ನೋಡುತ್ತೇವೆ. ನಮ್ಮನ್ನು ತೂಗಿಕೊಳ್ಳುವಾಗ ನಮ್ಮ ಮನಸ್ಸಿನೊಳಗೆ ಇಣುಕುತ್ತೇವೆ. ಒಳಗೆ ‘ಈಗ ಹಿಂಬಾಲಿಸುತ್ತಿದ್ದೇನೆ’ ಎಂಬ ಬೋರ್ಡೇನೂ ನೇತಾಡುತ್ತಿರುವುದಿಲ್ಲ. ಬರೀ ಕಾರಣಗಳೇ ಕಾಣುತ್ತವೆ, ಅದೂ ಒಳ್ಳೊಳ್ಳೆಯ ಕಾರಣಗಳು. ಹಾಗಾಗಿ ಪಕ್ಕದ ಮನೆಯವರು ಹೊಸ ಫೋನು ಕೊಂಡರೆ ಅದು ಶೋಕಿ. ಮರುವಾರ ನಾನು ಅದೇ ಫೋನು, ಅದೇ ಬಣ್ಣದ್ದು ಕೊಂಡರೆ, ಅದು ಹತ್ತು ವಿಮರ್ಶೆ ಓದಿ ತೆಗೆದುಕೊಂಡ ತೀರ್ಮಾನ.

ಅದೆಲ್ಲ ಹಳೇ ಕಾಲದ ಮಾತು, ಈಗಿನವರು ಹಾಗಿಲ್ಲ ಎನ್ನುವವರಿದ್ದಾರೆ. ನನ್ನ ಪಕ್ಕದಲ್ಲಿದ್ದವರೂ ಹಾಗೇ ಪಿಸುಗುಟ್ಟಿದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಇದೇ ಗೆರೆಗಳನ್ನು ಇಟ್ಟುಕೊಂಡು ಮತ್ತೆ ಪ್ರಯೋಗ ಮಾಡಿದರು, ಶೇ 33 ಬಂತು. ನಡುವೆ ಜಗತ್ತು ಚಂದ್ರನ ಮೇಲೆ ಇಳಿದು ಬಂದಿತ್ತು, ಇಂಟರ್ನೆಟ್ ಬಂದಿತ್ತು, ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಗ್ರಂಥಾಲಯ ಬಂದಿತ್ತು. ಗೆರೆ ಮಾತ್ರ ಅಳತೆಗೆ ಬರಲಿಲ್ಲ.

ಇಲ್ಲೊಂದು ತಮಾಷೆಯಿದೆ, ತರಬೇತುದಾರರು ಅದನ್ನು ಹೇಳಲಿಲ್ಲ. ಶೇ 36.8 ಸೋತವು ಎಂದರೆ ಉಳಿದ ಸುಮಾರು ಮೂರರಲ್ಲಿ ಎರಡು ಪಾಲು ಉತ್ತರಗಳು ಸೋಲಲಿಲ್ಲ ಎಂದಾಯಿತಲ್ಲ? ಕಾಲು ಭಾಗ ಜನ ಒಮ್ಮೆಯೂ ಬಗ್ಗಲಿಲ್ಲ. ಆಶ್ ಸ್ವತಃ ಈ ನೆಟ್ಟಗೆ ನಿಂತವರಿಗೂ ಅಷ್ಟೇ ಮಹತ್ವ ಕೊಟ್ಟಿದ್ದರು. ಆದರೆ 1990ರಲ್ಲಿ ಮೂವರು ಸಂಶೋಧಕರು ಅಮೆರಿಕದ ಮನಶ್ಶಾಸ್ತ್ರದ ಪಠ್ಯಪುಸ್ತಕಗಳನ್ನು ಸಾಲಾಗಿ ಇಟ್ಟುಕೊಂಡು ಓದಿದಾಗ ಕಂಡದ್ದೇನು? ಪುಸ್ತಕದಿಂದ ಪುಸ್ತಕಕ್ಕೆ ಬಗ್ಗಿದವರ ಕತೆ ಬೆಳೆಯುತ್ತ ಹೋಗಿತ್ತು, ಬಗ್ಗದವರ ಕತೆ ಕರಗುತ್ತ ಹೋಗಿತ್ತು. ಜನ ಒಬ್ಬರನ್ನು ನೋಡಿ ಒಬ್ಬರು ಹೇಗೆ ತಪ್ಪು ಹೇಳುತ್ತಾರೆ ಎಂದು ಬರೆದವರು, ಒಬ್ಬರನ್ನು ನೋಡಿ ಒಬ್ಬರು ಬರೆದಿದ್ದರು. (ಬಗ್ಗದ ಆ ಕಾಲು ಭಾಗದವರ ಮೇಲೆ ನನಗೆ ಗೌರವವಿದೆ. ಅವರ ಜೊತೆ ಒಂದೇ ರೂಮಿನಲ್ಲಿರಲು ಮಾತ್ರ ಹೇಳಬೇಡಿ.)

ಆಶ್ ಲೆಕ್ಕದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಬೇರೆ ಸಂಖ್ಯೆ. ಎದುರಿಗೆ ಎಷ್ಟು ಜನ ಇದ್ದರೆ ಮನುಷ್ಯ ಬಗ್ಗುತ್ತಾನೆ ಎಂದೂ ಅವರು ನೋಡಿದ್ದರು. 1955ರ ಲೇಖನದಲ್ಲಿ ಅದಿದೆ. ಒಬ್ಬನೇ ತಪ್ಪು ಹೇಳಿದರೆ ಹೆಚ್ಚೇನೂ ಆಗಲಿಲ್ಲ. ಇಬ್ಬರಾದಾಗ ಶೇ 13.6ರಷ್ಟು ಉತ್ತರ ದಾರಿ ತಪ್ಪಿದವು. ಮೂವರಾದಾಗ ಒಮ್ಮೆಲೇ ಶೇ 31.8ಕ್ಕೆ ಏರಿತು. ಅಲ್ಲಿಂದಾಚೆ ಇನ್ನೆಷ್ಟು ಜನ ಸೇರಿಸಿದರೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ.

‘ನಾಲ್ಕು ಜನ ಏನಂತಾರೆ?’ ಎಂಬ ಮಾತು ಕೇಳಿಕೊಂಡೇ ಬೆಳೆದವನು ನಾನು. ಆ ನಾಲ್ಕು ಜನ ಯಾರು, ಎಲ್ಲಿರುತ್ತಾರೆ, ಅವರಿಗೆ ಬೇರೆ ಕೆಲಸವಿಲ್ಲವೇ ಎಂದು ಎಷ್ಟೋ ಸಲ ಕೇಳಿ ಬೈಸಿಕೊಂಡಿದ್ದೇನೆ. ಕೋಟಿಗಟ್ಟಲೆ ಜನರಿರುವ ಲೋಕದಲ್ಲಿ ಯಾಕೆ ನಾಲ್ಕೇ, ನಲವತ್ತು ಯಾಕಲ್ಲ ಎಂದೂ ಯೋಚಿಸಿದ್ದೆ. ಈಗ ಲೆಕ್ಕ ಕೂಡಿಬಂತು. ಒತ್ತಡಕ್ಕೆ ಮೂವರು ಸಾಕು ಎನ್ನುತ್ತಾರೆ ಆಶ್. ಕನ್ನಡ ನಾಲ್ವರು ಎನ್ನುತ್ತದೆ. ಆ ನಾಲ್ಕನೆಯವನಿಗಾಗಿ ಸುತ್ತಮುತ್ತ ಹುಡುಕಿದೆ. ಕೊನೆಗೆ ಎದೆ ನೋಡಿಕೊಂಡೆ. ‘ನಾನು ನಾನೇ’ ಎಂದು ಅಚ್ಚಾಗಿತ್ತು.

ಅಂದರೆ ಸಂಗತಿ ಹೀಗೆ: ನಾನು ಮೂವರಿಗೆ ಹೆದರಿ ಹೊಟ್ಟೆ ಒಳಗೆಳೆದುಕೊಂಡಿರುತ್ತೇನೆ. ಆ ಮೂವರಲ್ಲಿ ಪ್ರತಿಯೊಬ್ಬರೂ ನನ್ನನ್ನು ಸೇರಿಸಿಕೊಂಡು ಇನ್ನು ಮೂವರಿಗೆ ಹೆದರಿ ಹೊಟ್ಟೆ ಒಳಗೆಳೆದುಕೊಂಡಿರುತ್ತಾರೆ. ಎಲ್ಲರ ಶರ್ಟೂ ಬಿಗಿ, ಎಲ್ಲರ ಮುಖವೂ ಪ್ರಸನ್ನ. ಒಳಗೊಳಗೇ ಯಾರಿಗೂ ಬೇಡವಾದದ್ದು, ಎಲ್ಲರಿಗೂ ಬೇಕಾಗಿದೆ ಎಂದು ಎಲ್ಲರೂ ತಿಳಿದಿರುವುದರಿಂದಲೇ ನಡೆದುಕೊಂಡು ಹೋಗುತ್ತದೆ. ಫ್ಲಾಯ್ಡ್ ಆಲ್‌ಪೋರ್ಟ್ ಎಂಬವರು ಸುಮಾರು ನೂರು ವರ್ಷದ ಹಿಂದೆಯೇ ಈ ಕಾಯಿಲೆಯನ್ನು ಗುರುತಿಸಿದ್ದರು. ಸಾಮೂಹಿಕ ಅಜ್ಞಾನ ಎನ್ನಬಹುದು. ಸಮಾಜಶಾಸ್ತ್ರದ ಹಿರಿಯ ಎಮಿಲ್ ದುರ್ಖೈಮ್ 1895ರಲ್ಲೇ, ಸಮಾಜದ ಕಟ್ಟಳೆಗಳು ವ್ಯಕ್ತಿಯ ಹೊರಗಿದ್ದುಕೊಂಡು ಅವನನ್ನು ಒತ್ತುತ್ತವೆ ಎಂದಿದ್ದರು. ಸರಿಯೇ. ಆದರೆ ಅವರಿಗೆ ಯಾರೂ ಟೀ ಶರ್ಟ್ ಕೊಟ್ಟಿರಲಿಲ್ಲ. ಒತ್ತುವುದು ಹೊರಗಿನಿಂದ ಮಾತ್ರವಲ್ಲ, ಒಳಗಿನಿಂದಲೂ ಹೊಟ್ಟೆ ಒತ್ತುತ್ತದೆ.

ವಿರಾಮದಲ್ಲಿ ಶೌಚಾಲಯಕ್ಕೆ ಹೋದೆ. ಗೋಡೆಯ ಮೇಲೊಂದು ಅಚ್ಚುಕಟ್ಟಾದ ಫಲಕ: ‘ಬಹಳಷ್ಟು ಮಂದಿ ಈ ಗೋಡೆಯ ಮೇಲೆ ಗೀಚಿ ಅಂದಗೆಡಿಸುತ್ತಿದ್ದಾರೆ. ದಯವಿಟ್ಟು ಸಹಕರಿಸಿ.’ ಜನ ಮನಃಪೂರ್ವಕ ಸಹಕರಿಸಿದ್ದರು. ಫಲಕದ ಸುತ್ತ ಒಂದಿಂಚು ಜಾಗ ಖಾಲಿಯಿರಲಿಲ್ಲ. ಒಬ್ಬರಂತೂ ‘ಬಹಳಷ್ಟು ಮಂದಿ’ಯ ಪಕ್ಕದಲ್ಲಿ ತಮ್ಮದೂ ಒಂದು ಹೆಸರು ಸೇರಿಸಿದ್ದರು.

ಈ ಫಲಕ ಬರೆಯುವವರ ಜಾತಿಯೇ ಬೇರೆ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಮರಗಳ ಒಂದು ರಾಷ್ಟ್ರೀಯ ಉದ್ಯಾನವಿದೆ. ಬಂದವರು ನೆನಪಿಗೆಂದು ಚೂರು ಚೂರೇ ಎತ್ತಿಕೊಂಡು ಹೋಗುತ್ತಿದ್ದರು. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಲ್ಲಿ ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿ ಇಟ್ಟು ಬೇರೆ ಬೇರೆ ಫಲಕ ನೆಟ್ಟು ನೋಡಿದರು. ‘ದಯವಿಟ್ಟು ತೆಗೆಯಬೇಡಿ’ ಎಂಬರ್ಥದ ಫಲಕವಿದ್ದಾಗ ಶೇ 1.67 ಚೂರು ಕಾಣೆಯಾದವು. ‘ಹಿಂದೆ ಬಂದವರು ಬಹಳ ಮಂದಿ ತೆಗೆದುಕೊಂಡು ಹೋಗಿ ಉದ್ಯಾನ ಹಾಳಾಗಿದೆ’ ಎಂದು ಗೋಳಿಟ್ಟಾಗ ಶೇ 7.92! ಈ ಅಧ್ಯಯನ 2006ರಲ್ಲೇ ಅಚ್ಚಾಗಿದೆ. ಆದರೂ ಲೋಕದ ತುಂಬ ಪ್ರಕಟಣೆಗಳು ಇನ್ನೂ ಗೋಳಿಡುತ್ತಲೇ ಇವೆ: ಹೆಚ್ಚಿನವರು ತೆರಿಗೆ ತಪ್ಪಿಸುತ್ತಿದ್ದಾರೆ, ಹೆಚ್ಚಿನವರು ಮತ ಹಾಕುತ್ತಿಲ್ಲ, ಹೆಚ್ಚಿನವರು ನೀರು ಪೋಲು ಮಾಡುತ್ತಿದ್ದಾರೆ. ಓದಿದವನಿಗೆ ನಾಚಿಕೆಯಾಗಲಿ ಎಂದು ಬರೆದದ್ದು. ಓದಿದವನಿಗೆ ಆಗುವುದು ಸಮಾಧಾನ. ನಾನೊಬ್ಬನೇ ಅಲ್ಲವಲ್ಲ ಸದ್ಯ!

ಮಧ್ಯಾಹ್ನದ ಅವಧಿಯಲ್ಲಿ ಪ್ರೊಜೆಕ್ಟರಿನಿಂದ ಸುಟ್ಟ ವಾಸನೆ ಬರತೊಡಗಿತು. ವಿಷಯ: ‘ತುರ್ತು ಸಂದರ್ಭದಲ್ಲಿ ಮುಂದಾಳತ್ವ’. ಮೂಗು ಅರಳಿಸಿ ಪಕ್ಕದವರನ್ನು ನೋಡಿದೆ. ಅವರೂ ಮೂಗು ಅರಳಿಸಿದ್ದರು, ನಾನು ನೋಡಿದ ಕೂಡಲೇ ಸರಿಮಾಡಿಕೊಂಡರು. ಆ ಕಡೆಯ ಮಹಿಳೆ ಕರ್ಚೀಫು ತೆಗೆದು, ಬೆವರು ಒರೆಸುವವರ ಹಾಗೆ ಮೂಗಿಗೆ ಹಿಡಿದುಕೊಂಡರು. ತರಬೇತುದಾರರಿಗೂ ವಾಸನೆ ಹೊಡೆಯಿತೆಂದು ಕಾಣುತ್ತದೆ, ಮಾತು ಅರೆಕ್ಷಣ ತಡವರಿಸಿತು. ನಮ್ಮತ್ತ ನೋಡಿದರು. ಮುನ್ನೂರು ಜನ ನಿರಾಳವಾಗಿ ಕೂತಿದ್ದೆವು. ಅದನ್ನು ಕಂಡು ಅವರೂ ನಿರಾಳವಾಗಿ ಮುಂದಿನ ಸ್ಲೈಡಿಗೆ ಹೋದರು. ಅವರು ನಿರಾಳವಾದದ್ದು ಕಂಡು ನಮಗೆ ಪೂರ್ತಿ ಧೈರ್ಯ ಬಂತು.

ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ್ದು ಇದೇ ಕತೆ. ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಕೂರಿಸಿ ಒಂದು ಪ್ರಶ್ನಾವಳಿ ತುಂಬಲು ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ಶೇ 75 ಜನ ಎದ್ದು ಹೋಗಿ ಹೇಳಿದರು. ಜೊತೆಗೆ ಏನೂ ಆಗಿಲ್ಲವೆಂಬಂತೆ ಬರೆಯುತ್ತಲೇ ಇರುವ ಇಬ್ಬರು ನಟರನ್ನು ಕೂರಿಸಿದಾಗ, ಹತ್ತರಲ್ಲಿ ಒಬ್ಬ ಮಾತ್ರ ಎದ್ದ. ಉಳಿದವರು ಕೆಮ್ಮಿದರು, ಕಣ್ಣುಜ್ಜಿಕೊಂಡರು, ಕಿಟಕಿ ತೆರೆದರು, ಕೈಯಿಂದ ಹೊಗೆ ಸರಿಸಿ ಮುಂದಿನ ಪ್ರಶ್ನೆ ಓದಿದರು. ಆಮೇಲೆ ಕೇಳಿದರೆ ಒಬ್ಬರು ಹಬೆ ಎಂದರು, ಒಬ್ಬರು ಏಸಿಯ ಆವಿ ಎಂದರು. ಇಬ್ಬರಂತೂ, ಅದೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆ, ಉತ್ತರ ಪ್ರಾಮಾಣಿಕವಾಗಿ ಬರಲಿ ಎಂದು ಬಿಟ್ಟ ‘ಸತ್ಯ ಹೇಳಿಸುವ ಅನಿಲ’ ಅಂದುಕೊಂಡೆವು ಎಂದರು. ಎದ್ದು ಹೋಗಿ ‘ಹೊಗೆ’ ಎಂಬ ಎರಡಕ್ಷರ ಹೇಳುವುದಕ್ಕಿಂತ ಇಂಥದ್ದೊಂದು ಅನಿಲ ಕಂಡುಹಿಡಿಯುವುದು ಸುಲಭ. ಅಂದಹಾಗೆ ಅವರನ್ನು ಕರೆಸಿದ್ದು ನಗರದ ವಿಶ್ವವಿದ್ಯಾಲಯದಲ್ಲಿನ ಬದುಕಿನ ಸಮಸ್ಯೆಗಳ ಬಗ್ಗೆ ಮಾತಾಡಲೆಂದು.

ನಮ್ಮ ಪ್ರೊಜೆಕ್ಟರನ್ನು ಉಳಿಸಿದ್ದು ಸಭಾಂಗಣದ ವಾಚ್‌ಮನ್. ಅವರು ಹೊರಗೆ ಬಾಗಿಲ ಬಳಿ ಒಬ್ಬರೇ ಕೂತಿದ್ದರು. ವಾಸನೆ ಬಂದದ್ದೇ ತಡ, ನೇರ ಒಳಗೆ ಬಂದು ಪ್ಲಗ್ ಕಿತ್ತು, “ಏನ್ರೀ, ಇಷ್ಟು ಜನ ಇದ್ದೀರಿ, ಒಬ್ಬರಿಗೂ ಗೊತ್ತಾಗ್ಲಿಲ್ವಾ?” ಎಂದರು. ಇಷ್ಟು ಜನ ಇದ್ದದ್ದರಿಂದಲೇ ಗೊತ್ತಾಗಲಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ಅವರು ಕಾರ್ಯಾಗಾರಕ್ಕೆ ಹೆಸರು ಕೊಟ್ಟಿರಲಿಲ್ಲ, ಪಾಪ.

ಸಮಾರೋಪ. ತರಬೇತುದಾರರು ಕೊನೆಯ ಮಾತು ಮುಗಿಸಿ ಕಣ್ಣುಮುಚ್ಚಿ ನಿಂತರು. ಅಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. ಬೆಳಿಗ್ಗೆಯಿಂದ ಅವರು ನಾಲ್ಕು ಸಲ ಶೌಚಾಲಯಕ್ಕೆ ಎದ್ದಿದ್ದರು, ಇದು ಐದನೆಯದು. ಅವರ ಹಿಂದಿನವರಿಗೆ ಅದು ತಿಳಿಯಲಿಲ್ಲ. ಎದ್ದರು. ಅವರ ಹಿಂದಿನ ಸಾಲು ಎದ್ದಿತು. ಹತ್ತು ಎಣಿಸುವುದರೊಳಗೆ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಹಿರಿಯರಿಗೆ ದಾರಿಯೇ ಇಲ್ಲ. ಎದ್ದವರ ನಡುವೆ ಸಿಕ್ಕಿಕೊಂಡು, ಕಾಲಿಗೆ ಕಾಲು ಹೆಣೆದುಕೊಂಡು, ಅವರೂ ಚಪ್ಪಾಳೆ ತಟ್ಟಿದರು.

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಇದಕ್ಕೆ ಸಂಬಳ ಕೊಡುತ್ತಿದ್ದರು. ‘ಕ್ಲಾಕ್’ ಎಂದು ಅದರ ಹೆಸರು. ನಗುವುದಕ್ಕೆ ಒಬ್ಬ, ಕರ್ಚೀಫು ಹಿಡಿದು ಅಳುವುದಕ್ಕೆ ಒಬ್ಬಳು, ‘ಮತ್ತೊಮ್ಮೆ, ಮತ್ತೊಮ್ಮೆ’ ಎಂದು ಕೂಗುವುದಕ್ಕೆ ಇನ್ನೊಬ್ಬ. ದುಡ್ಡು ತೆಗೆದುಕೊಂಡ ಹತ್ತು ಕೈ ತಟ್ಟಿದರೆ, ದುಡ್ಡು ಕೊಟ್ಟು ಬಂದ ಸಾವಿರ ಕೈಗಳು ಪುಕ್ಕಟೆ ತಟ್ಟುತ್ತವೆ ಎಂಬ ವ್ಯಾಪಾರದ ಗುಟ್ಟು ಅವರಿಗೆ ಗೊತ್ತಿತ್ತು. 2013ರಲ್ಲಿ ರಿಚರ್ಡ್ ಮಾನ್ ಮತ್ತು ಸಂಗಡಿಗರು ಲೆಕ್ಕ ಹಾಕಿಯೇ ತೋರಿಸಿದರು: ಚಪ್ಪಾಳೆ ಹಬ್ಬುವುದು ಸೋಂಕಿನ ಹಾಗೆ, ನಿಲ್ಲುವುದೂ ಹಾಗೆಯೇ, ಅದು ಎಷ್ಟು ಹೊತ್ತು ನಡೆಯಿತು ಎಂಬುದರಿಂದ ಭಾಷಣ ಹೇಗಿತ್ತು ಎಂದು ಹೇಳಲು ಬರುವುದಿಲ್ಲ. ಕೈ ನೋಯತೊಡಗಿದಾಗ ನಾನು ನಿಲ್ಲಿಸೋಣ ಎಂದುಕೊಂಡೆ. ಮೊದಲು ನಿಲ್ಲಿಸುವವನು ನಾನಾಗಬಾರದಲ್ಲ ಎಂದು ಕಾದೆ. ಮುನ್ನೂರು ಜನ ಕಾಯುತ್ತಿದ್ದರು.

ಕೊನೆಗೆ ಅಭಿಪ್ರಾಯದ ಹಾಳೆ ಹಂಚಿದರು. ಹೆಸರು ಬರೆಯುವ ಹಾಗಿಲ್ಲ. ಒಂದೇ ಪ್ರಶ್ನೆ: ಈ ಕಾರ್ಯಾಗಾರದಿಂದ ಸ್ವತಂತ್ರವಾಗಿ ಯೋಚಿಸುವ ನಿಮ್ಮ ಶಕ್ತಿ ಹೆಚ್ಚಿತೇ? ಕೆಳಗೆ ಮೂರು ಚೌಕ: ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ.

ಬೆಳಿಗ್ಗೆ ಆಶ್ ಸ್ಲೈಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಗೆರೆ ತೋರಿಸಿಬಿಟ್ಟರೆ ಸಾಕು, ಪಕ್ಕದವನು ಬಗ್ಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ತರಬೇತುದಾರರು ಅದನ್ನು ಓದದೆ ದಾಟಿಸಿದ್ದರು. ನನಗೆ ನೆನಪಿತ್ತು. ಪೆನ್ನು ‘ಇಲ್ಲವೇ ಇಲ್ಲ’ದ ಚೌಕದ ಮೇಲೆ ಹಿಡಿದೆ. ಹಾಗೇ ಸುಮ್ಮನೆ, ತಿಳಿದಿರಲಿ ಎಂದು, ಎಡಗಡೆಯವರ ಹಾಳೆ ನೋಡಿದೆ. ತುಂಬಾ. ಬಲಗಡೆ ನೋಡಿದೆ. ತುಂಬಾ. ಮುಂದಿನ ಕುರ್ಚಿಯವರ ಭುಜದ ಮೇಲಿಂದ ಇಣುಕಿದೆ. ತುಂಬಾ.

ಗುರುತು ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಹಿಂದಿನಿಂದ ಯಾರೋ ಬೆನ್ನು ತಟ್ಟಿದರು. ಕರ್ಚೀಫಿನ ಮಹಿಳೆ.

“ನೀವೇನು ಹಾಕಿದ್ರಿ ಸರ್?”

“ಎಲ್ಲರೂ ‘ತುಂಬಾ’ ಅಂತಾನೇ ಹಾಕಿದ್ದಾರೆ ಮೇಡಂ” ಎಂದೆ.

ಅವರು “ಓ, ಹೌದಾ” ಎಂದು, ಕೊನೆಯ ಚೌಕದಲ್ಲಿ ಆಗಲೇ ಹಾಕಿದ್ದ ಗುರುತನ್ನು ಗೀಚಿ ಗೀಚಿ ಹೊಡೆದುಹಾಕತೊಡಗಿದರು.